ಗುಂಡೇ ಇಲ್ಲದ ತೂಟ

ಕಳೆದ ತಿಂಗಳು ನಾನು ಎರಡು ಫೋಟೊ ತೆಗೆದೆ. ಎರಡೂ ಚೆನ್ನಾಗಿಯೇ ಬಂದಿದ್ದವು.

ಒಂದರಲ್ಲಿ ಬಿಳಿ ಟವೆಲ್ಲಿನ ಮೇಲೆ ಸಾಲಾಗಿ ಜೋಡಿಸಿದ ಏಳು ಹಿತ್ತಾಳೆ ಕೊಳವೆಗಳು. ಅಳತೆ ತಿಳಿಯಲಿ ಎಂದು ಪಕ್ಕದಲ್ಲೊಂದು ಸ್ಕೇಲು. ಇನ್ನೊಂದರಲ್ಲಿ ಗುಜರಿ ಅಂಗಡಿಯ ಮುಂದೆ ಕೂತು ನಗುತ್ತಿರುವ ಒಬ್ಬ ಮುದುಕ.

ಈ ಎರಡು ಫೋಟೊಗಳಿಂದ ಆ ಮುದುಕ ಎರಡು ದಿನ ಪೊಲೀಸ್ ಸ್ಟೇಷನ್ನಿನಲ್ಲಿ ಕೂರಬೇಕಾಯಿತು.

ನಾನು ಯಾರ ಮೇಲೂ ದೂರು ಕೊಟ್ಟಿರಲಿಲ್ಲ. ಯಾರನ್ನೂ ಬೈದಿರಲಿಲ್ಲ. "ಇದೇನು ಅಂತ ಯಾರಿಗಾದರೂ ಗೊತ್ತಾ?" ಎಂದು ಕೇಳಿದ್ದೆ, ಅಷ್ಟೇ. ಕೇಳುವುದು ತಪ್ಪಾ? ಮೊದಮೊದಲು ನಾನೂ ನನಗೆ ಇದನ್ನೇ ಹೇಳಿಕೊಂಡೆ.

ನನ್ನ ಹಿತ್ತಾಳೆ ಹುಚ್ಚು ಈ ಅಂಕಣ ಓದುವ ನಿಮಗೆ ಗೊತ್ತಿರುವುದೇ. ಹಿಂದೂಪುರದ ನಮ್ಮ ಮನೆಯಲ್ಲಿ ಕೆಳಗೆ ರೇಷ್ಮೆ ನೂಲು, ಜರಿ ಮಾರುವ ಅಂಗಡಿ. ಮೇಲೆ ನನ್ನ ಬೀಗ, ಬಟ್ಟಲು, ಕುಂಕುಮದ ಭರಣಿಗಳ ಮ್ಯೂಸಿಯಂ. (ನಮ್ಮ ಯಜಮಾನರು ಅದನ್ನು "ಗೋಡೌನ್" ಅನ್ನುತ್ತಾರೆ.) ಯಾವ ಊರಿಗೆ ಹೋದರೂ ನಾನು ಮೊದಲು ಹುಡುಕುವುದು ಗುಜರಿ ಅಂಗಡಿ.

ಕಲ್ಯಾಣದುರ್ಗಕ್ಕೆ ಹೋಗಿದ್ದು ಚಿಕ್ಕಮ್ಮನ ಮಗಳು ಲಕ್ಷ್ಮೀದೇವಿಯ ಗೃಹಪ್ರವೇಶಕ್ಕೆ. ಊಟ ಮುಗಿಸಿ ಬಸ್ಸಿಗೆ ಬಂದರೆ ಬಸ್ಸಿಗಿನ್ನೂ ಮುಕ್ಕಾಲು ಗಂಟೆ. ಬಸ್ ಸ್ಟಾಂಡಿನ ಹಿಂದಿನ ರಸ್ತೆಯಲ್ಲೊಂದು ತಗಡಿನ ಶೆಡ್ಡು. ಒಳಗೆ ಫ್ಯಾನಿನ ರೆಕ್ಕೆ, ಬೋರ್‌ವೆಲ್ ಪೈಪು, ಸೈಕಲ್ ರಿಮ್ಮು. ಮುಂದೆ ಗೋಣಿಚೀಲದ ಮೇಲೆ ಕೂತು ತಾಮ್ರದ ತಂತಿ ಸುಲಿಯುತ್ತಿದ್ದ ಮುದುಕನ ಹೆಸರು ಕುಳ್ಳಾಯಪ್ಪ. ಬ್ರಹ್ಮಸಮುದ್ರದ ಕಡೆಯವರು. ನಾನು ತೆಲುಗಿನಲ್ಲಿ ಶುರು ಮಾಡಿದೆ, ಅವರು ಕನ್ನಡದಲ್ಲಿ ಮುಗಿಸಿದರು.

"ಇತ್ತಾಳೆ ಬೇಕಾ? ಬಾರಮ್ಮ, ಒಳಗೈತೆ. ನಿಂಗೆ ಬೇಕಾದ್ದು ನೀನೇ ಆರಿಸ್ಕ."

ಒಂದು ಹಳೆಯ ಟ್ರಂಕಿನಲ್ಲಿ ಹಿತ್ತಾಳೆ ಚೂರುಗಳನ್ನೆಲ್ಲ ಹಾಕಿದ್ದರು. ನಾನು ಒಂದು ದೀಪದ ಬುಡ, ಎರಡು ಬೀಗ ಆರಿಸಿದೆ. ತಳದಲ್ಲಿ ಈ ಕೊಳವೆಗಳು ಕಂಡವು. ಬೆರಳುದ್ದ. ತಳ ಮುಚ್ಚಿದೆ, ಬಾಯಿ ತೆರೆದಿದೆ. ಆರರ ಬಾಯಿ ಹೂವಿನ ದಳದ ಹಾಗೆ ಬಿಚ್ಚಿಕೊಂಡಿತ್ತು. ಏಳನೆಯದು ಬೇರೆ ಥರ. ಅದರ ಮೈಮೇಲೆ ಉದ್ದುದ್ದ ಗೀರುಗಳು, ಸೌತೆಕಾಯಿಯ ಸಿಪ್ಪೆಯನ್ನು ಪಟ್ಟಿಪಟ್ಟಿಯಾಗಿ ತೆಗೆದ ಹಾಗೆ. ನನಗೆ ಅದರ ಚಂದ ಹಿಡಿಸಿಬಿಟ್ಟಿತು. ಏನೆಂದು ಯೋಚಿಸುವ ಮೊದಲೇ ಚೀಲಕ್ಕೆ ಹಾಕಿಕೊಂಡೆ. ಕೇಳಲಿಲ್ಲ. ಇದನ್ನು ನೀವು ಗಮನಿಸಬೇಕು: ನಾನು ಅವರನ್ನು ಏನೂ ಕೇಳಲಿಲ್ಲ.

ಹೊರಡುವಾಗ ಅಂಗಡಿಯ ಫೋಟೊ ತೆಗೆಯಲೇ ಎಂದೆ. ಕುಳ್ಳಾಯಪ್ಪ ಹೆಗಲ ಟವೆಲ್ ಕೊಡವಿ ಸರಿಯಾಗಿ ಹೊದ್ದುಕೊಂಡರು. ಒಳಗಿದ್ದ ಹೆಂಡತಿ ಮಾರೆಕ್ಕನನ್ನೂ ಕರೆದರು. ಅವರು ಒಳಗಿನಿಂದಲೇ ನನ್ನನ್ನೊಮ್ಮೆ ನೋಡಿದರು, ಹೊರಗೆ ಬರಲಿಲ್ಲ.

"ಚೆನ್ನಾಗ್ ಬತ್ತದಾ ಅಮ್ಮ?"

"ತುಂಬಾ ಚೆನ್ನಾಗಿ ಬಂದಿದೆ ಕುಳ್ಳಾಯಪ್ಪ."

ಮನೆಗೆ ಬಂದು ಕೊಳವೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ತಳದಲ್ಲಿ ಪುಟ್ಟ ಪುಟ್ಟ ಅಕ್ಷರ, ಅಂಕಿ. ನಡುವೆ ಒಂದು ಗುಳಿ. ಆಗ ಸಣ್ಣಗೆ ಅನುಮಾನ ಬಂತು. ಇದು ತೂಟ ಅಲ್ಲವಾ? ಬಂದೂಕಿನದು? (ಕಾಡತೂಸಿಗೆ ನಮ್ಮ ಕಡೆ ಕನ್ನಡದವರೂ ತೂಟ ಅನ್ನುವುದೇ ಅಭ್ಯಾಸ.) ಆದರೆ ತೂಟದ ಬಾಯಿ ಹೂವಿನ ಹಾಗೆ ಯಾಕಿರುತ್ತದೆ? ಮೈಮೇಲೆ ಗೀರು ಯಾಕೆ?

ನನ್ನದೊಂದು ವಾಟ್ಸಾಪ್ ಗ್ರೂಪ್ ಇದೆ. ಹಳೆಯ ಸಾಮಾನು ಕೂಡಿಡುವವರದು. ಹಿಂದೂಪುರ, ಪೆನುಕೊಂಡ, ಮಡಕಶಿರಾ, ಪಾವಗಡದವರೆಲ್ಲ ಇದ್ದಾರೆ. ಎರಡೂ ಫೋಟೊ ಹಾಕಿ ಬರೆದೆ: "ಕಲ್ಯಾಣದುರ್ಗ ಬಸ್ ಸ್ಟಾಂಡ್ ಹಿಂದಿನ ಗುಜರಿಯಲ್ಲಿ ಸಿಕ್ಕಿತು. ಬಂದೂಕಿನ ತೂಟ ಇರಬಹುದಾ? ಯಾರಿಗಾದರೂ ಗೊತ್ತಾ?"

ಇದೇನೆಂದು ಗುರುತಿಸಬಲ್ಲ ಒಬ್ಬರು ನನಗೆ ಗೊತ್ತಿದ್ದರು. ಚಿಲಮತ್ತೂರಿನಲ್ಲಿ, ಬೆಂಗಳೂರು ಹೈವೇ ಪಕ್ಕ ಸಿಮೆಂಟ್ ಅಂಗಡಿ ಇಟ್ಟಿರುವ ಸುಬೇದಾರ್ ವೆಂಕಟರಾಮಪ್ಪ. ಮಿಲಿಟರಿಯಲ್ಲಿ ಹೊಸ ಸೈನಿಕರಿಗೆ ಬಂದೂಕು ಕಲಿಸುತ್ತಿದ್ದವರು. ಅವರ ಮಗಳ ಮದುವೆಯ ಸೀರೆಗಳನ್ನು ನಮ್ಮ ಯಜಮಾನರೇ ಮುಂದೆ ನಿಂತು ನೇಯಿಸಿಕೊಟ್ಟಿದ್ದರು. ಆದರೆ ಅವರ ಹತ್ತಿರ ಹೋಗಬೇಕೆಂದರೆ ಸೀರೆ ಉಟ್ಟು ಬಸ್ಸು ಹತ್ತಬೇಕು. ವಾಟ್ಸಾಪಿಗೆ ಒಂದು ಬೆರಳು ಸಾಕು.

ಉತ್ತರಗಳು ಬಂದವು. ನೋಡಿ ನಮ್ಮ ವಿದ್ವತ್ತು!

ಒಬ್ಬರು ಪೆನುಕೊಂಡ ಕೋಟೆಯ ಕಾಲದ್ದು ಎಂದರು. ಒಬ್ಬರು ಅತ್ತರಿನ ಬಾಟಲಿ ಎಂದರು. ಒಬ್ಬರು ಮಗ್ಗದ ಬಿಡಿಭಾಗ ಎಂದು ನನಗೇ ಕಲಿಸಲು ಬಂದರು. ಮತ್ತೊಬ್ಬರು, ಪೆನುಕೊಂಡದಲ್ಲಿ ಸೈಟ್ ವ್ಯಾಪಾರ ಮಾಡುವವರು, ಏನೂ ಹೇಳಲಿಲ್ಲ. ಸುಮ್ಮನೆ ಫಾರ್ವರ್ಡ್ ಮಾಡಿದರು.

ಮೂರನೆಯ ದಿನ ಸಂಜೆ ಲಕ್ಷ್ಮೀದೇವಿ ಫೋನ್ ಮಾಡಿದಳು.

"ಅಕ್ಕಾ, ನೀನು ಮೊನ್ನೆ ಇತ್ತಾಳೆ ತಗಂಡೆಯಲ್ಲ, ಆ ತಾತನ್ನ ನಿನ್ನೆ ಪೊಲೀಸ್ರು ಕರ್ಕಂಡೋಗ್ಬುಟ್ರು ಕಣಕ್ಕಾ. ಬುಲ್ಲೆಟ್ ಮಾರ್ತಿದ್ನಂತೆ. ಊರೆಲ್ಲಾ ಅದೇ ಮಾತು. ವಿಡಿಯೋ ಕಳಿಸ್ತೀನಿ, ನೋಡು."

ನೋಡಿದೆ. ಯಾವುದೋ ಯೂಟ್ಯೂಬ್ ಚಾನೆಲ್ಲು. "ಕಲ್ಯಾಣದುರ್ಗಂಲೋ ಬುಲ್ಲೆಟ್ಲ ಕಲಕಲಂ?" (ಬುಲ್ಲೆಟ್ಟುಗಳ ಗದ್ದಲ?) ಎಂದು ಬೆಂಕಿ ಹತ್ತಿದಂಥ ಅಕ್ಷರದಲ್ಲಿ ತಲೆಬರಹ. ಹಿಂದೆ ಧಡ್ ಧಡ್ ಮ್ಯೂಸಿಕ್ಕು. ನನ್ನ ಬಿಳಿ ಟವೆಲ್, ನನ್ನ ಸ್ಕೇಲು. ಪಕ್ಕದಲ್ಲಿ ಕುಳ್ಳಾಯಪ್ಪನವರ ನಗುಮುಖ. ಅದರ ಸುತ್ತ ಕೆಂಪು ವೃತ್ತ.

ಕೈಯಿಂದ ಕೈಗೆ ಹೋಗುವಾಗ ನನ್ನ ಪ್ರಶ್ನೆ ಉದುರಿಹೋಗಿತ್ತು. ನನ್ನ ಹೆಸರೂ ಉದುರಿಹೋಗಿತ್ತು. ಅವರ ಮುಖ ಮಾತ್ರ ಉಳಿದಿತ್ತು.

ಕೆಳಗೆ ಕಾಮೆಂಟುಗಳು. ಇವನ ಹಿಂದೆ ಯಾರಿದ್ದಾರೆ? ಎಷ್ಟು ವರ್ಷದಿಂದ ನಡೀತಿದೆ? ಇವನ ಮನೆ ಅಗೆಸಿ. "ಆ ನಗು ನೋಡಿ, ಎಷ್ಟು ಧೈರ್ಯ!" ಎಂದು ಒಬ್ಬಾಕೆ ಬರೆದಿದ್ದರು. ಆ ನಗು ನಾನು ನಗಿ ಎಂದಿದ್ದಕ್ಕೆ ನಕ್ಕಿದ್ದು ತಾಯಿ!

ಆವತ್ತು ನನ್ನ ಮನಸ್ಸಿನಲ್ಲಿ ಮೊದಲು ಬಂದ ಯೋಚನೆ ಏನು ಗೊತ್ತೆ? ಕುಳ್ಳಾಯಪ್ಪ ಪಾಪ ಎಂದಲ್ಲ. ನನ್ನ ಹೆಸರು ಇಲ್ಲವಲ್ಲ, ಸದ್ಯ, ಎಂದು. ಇಷ್ಟು ವರ್ಷ ಇಲ್ಲಿ ಕೂತು ಊರಿನವರ ತಪ್ಪುಗಳನ್ನೆಲ್ಲ ಬರೆದಿದ್ದೇನೆ. ಇದನ್ನೂ ಬರೆಯಬೇಕಲ್ಲ.

ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ. "ಬೆಳಿಗ್ಗೆ ಮೊದಲನೇ ಬಸ್ಸಿಗೆ ಚಿಲಮತ್ತೂರಿಗೆ ಹೋಗು. ಸುಬೇದಾರ್ರನ್ನ ಕರ್ಕೊಂಡು ಕಲ್ಯಾಣದುರ್ಗಕ್ಕೆ ಹೋಗು. ಆ ಸಾಮಾನು ಇನ್ನು ನಮ್ಮನೇಲಿ ಇರೋದು ಬೇಡ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಸುಬೇದಾರರು ಆಗಷ್ಟೇ ಅಂಗಡಿಯ ಶಟರ್ ಎತ್ತಿದ್ದರು. ಏಳನ್ನೂ ಸಿಮೆಂಟ್ ಮೂಟೆಯ ಮೇಲೆ ಸುರಿದೆ. ಅವರು ಕನ್ನಡಕ ಹಾಕಿಕೊಂಡು ಒಂದನ್ನು ಎತ್ತಿ, ಬಾಯಿ ನೋಡಿ, ತಳ ನೋಡಿ, ಕೆಳಗಿಟ್ಟರು. ಅರ್ಧ ನಿಮಿಷವೂ ಆಗಲಿಲ್ಲ.

"ಬ್ಲ್ಯಾಂಕ್ ಕಣಮ್ಮ ಇವು. ಖಾಲಿ ತೂಟ. ಟ್ರೇನಿಂಗಿಗೆ ಹೊಡೆಯಾದು. ಸದ್ದು ಬತ್ತದೆ, ಗುಂಡು ಬರಲ್ಲ."

"ಹೇಗೆ ಹೇಳ್ತೀರಿ?"

"ಬಾಯಿ ನೋಡಮ್ಮ. ಗುಂಡು ಕೂತಿದ್ದ ಬಾಯಾಗಿದ್ರೆ ದುಂಡಗೆ, ನುಣ್ಣಗಿರ್ತಿತ್ತು. ಇದಕ್ಕೆ ಗುಂಡೇ ಇಟ್ಟಿಲ್ಲ. ಬಾಯಿನೇ ಮೊಗ್ಗಿನಂಗೆ ಮಡಚಿ ಮುಚ್ಚಿದ್ರು. ಹೊಡೆದಾಗ ಮೊಗ್ಗು ಬಿಚ್ಕಂತು. ಮಡಿಕೆ ಗುರುತು ಹಂಗೇ ಐತೆ, ನೋಡು. ತಳದಾಗೆ ಗುಳಿ ಬಿದ್ದೈತಲ್ಲ, ಅದು ಬಂದೂಕಿನ ಪಿನ್ ಬಡಿದಿದ್ದು. ಅಂದ್ರೆ ಆಗ್ಲೇ ಹೊಡೆದು ಮುಗಿಸಿರೋವು."

ಏಳನೆಯದನ್ನು ಕೈಗೆ ತೆಗೆದುಕೊಂಡಾಗ ಅವರ ಮುಖ ಅರಳಿತು.

"ಇದು ಈಗ ಕಾಣಾಕೆ ಸಿಗಾದೇ ಕಷ್ಟ. ಇದು ಡ್ರಿಲ್‌ದು. ಇದರಾಗೆ ಮದ್ದೂ ಹಾಕಿರಲ್ಲ, ಗುಂಡೂ ಇಲ್ಲ. ಮುಂದ್ಗಡೆ ಮರದ ತುಂಡು ಇಟ್ಟಿದ್ರು ಅಂತ ಕಾಣ್ತದೆ, ಬಿದ್ದೋಗೈತೆ. ಬಂದೂಕಿಗೆ ತುಂಬಾದು, ತೆಗೆಯಾದು, ಅಷ್ಟು ಕಲಿಯಾಕೆ. ಈ ಗೀರು ಯಾಕೆ ಗೊತ್ತಾ? ಕಣ್ಮುಚ್ಕಂಡು ಮುಟ್ಟಿದ್ರೂ ಇದು ನಿಜವಾದ್ದಲ್ಲ ಅಂತ ಬೆರಳಿಗೆ ತಿಳೀಬೇಕು. ಅದಕ್ಕೇ ಇಕ್ಕಿರಾದು."

ಕಣ್ಣು ಮುಚ್ಚಿದವನಿಗೂ ತಿಳಿಯಲಿ ಎಂದು ಮಾಡಿದ ವಸ್ತು! ಅದನ್ನು ಕಣ್ಣು ತೆರೆದು ನೋಡಿಯೂ ಎಷ್ಟು ಜನ ತಿಳಿಯದೆ ಹೋದೆವು?

"ಹಂಗಂತ ಮನೇಲಿ ಇಟ್ಕಬ್ಯಾಡಮ್ಮ," ಎಂದರು ಸುಬೇದಾರರು. "ಖಾಲಿ ಯಾವುದು, ಖಾಲಿ ಅಲ್ಲದ್ದು ಯಾವುದು ಅಂತ ಎಲ್ರಿಗೂ ತಿಳಿಯಲ್ಲ. ಸ್ಟೇಷನ್ನಿಗೆ ಕೊಟ್ಬುಡಾದೇ ಸರಿ. ಇನ್ನೊಂದು ಮಾತು. ಬ್ಲ್ಯಾಂಕು ಅಂತ ಹಗುರ ತಿಳ್ಕಬಾರ್ದು. ಹತ್ರದಾಗೆ ಹೊಡೆದ್ರೆ ಬರೀ ಗಾಳಿ, ಬೆಂಕೀನೇ ಕಣ್ಣು ತೆಗೀತದೆ."

(ಈ ಕೊನೆಯ ಮಾತಿಗೆ ನಾನು ತಲೆ ತಗ್ಗಿಸಿದೆ. ಅವರು ಹೇಳಿದ್ದು ಬಂದೂಕಿನ ಬಗ್ಗೆ ಮಾತ್ರ.)

ಅಂಗಡಿಯನ್ನು ಹೆಂಡತಿಗೆ ವಹಿಸಿ ಅವರು ನನ್ನ ಜೊತೆ ಹೊರಟರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಮಾಜಿ ಸೈನಿಕರ ಕಾರ್ಡು. ಹಿಂದೂಪುರದಲ್ಲೊಂದು, ಪೆನುಕೊಂಡದಲ್ಲೊಂದು ಬಸ್ಸು ಬದಲಿಸಿದೆವು. ಪೆನುಕೊಂಡದಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದ ಬೆಂಚಿನಲ್ಲಿ ಇಬ್ಬರು ಅದೇ ವಿಡಿಯೋ ನೋಡುತ್ತಿದ್ದರು. ಕಾರ್ ಫ್ಯಾಕ್ಟರಿಯ ಸಮವಸ್ತ್ರ ಹಾಕಿದವರು, ಓದಿದವರು. "ಇಂಥೋರ್ನೆಲ್ಲ ಬುಡಬಾರ್ದು ಲೇ" ಎಂದ ಒಬ್ಬ. ನಾನು ಬಾಯಿ ಬಿಡಬೇಕಿತ್ತು. ಬಸ್ಸು ಬಂತು ಎಂದು ಎದ್ದೆ. ಬಸ್ಸು ಬಂದಿರಲಿಲ್ಲ.

ಸ್ಟೇಷನ್ ತಲುಪಿದಾಗ ಮಧ್ಯಾಹ್ನ. ಹೊರಗೆ ಬೇವಿನ ಮರದ ಕೆಳಗೆ ಮಾರೆಕ್ಕ ಕೂತಿದ್ದರು, ಮಡಿಲಲ್ಲಿ ಊಟದ ಕ್ಯಾರಿಯರ್ರು. ನನ್ನನ್ನು ಗುರುತು ಹಿಡಿದರು. ಕ್ಯಾರಿಯರ್ರನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮುಖ ತಿರುಗಿಸಿದರು.

ಪೊಲೀಸರ ಬಗ್ಗೆ ಇಲ್ಲದ್ದು ಹೇಳಲಾರೆ. ಯಾರೂ ಕೈ ಮಾಡಿರಲಿಲ್ಲ, ಕೂಗಾಡಿರಲಿಲ್ಲ. ಎಸ್‌ಐ ಚಿಕ್ಕ ವಯಸ್ಸಿನವರು. "ವಿಡಿಯೋ ಎಲ್ಲಾ ಕಡೆಯಿಂದ ಬಂತು ಮೇಡಂ. ವಿಚಾರಿಸದೆ ಬಿಟ್ಟರೆ ನಾಳೆ ನಮ್ಮ ಮೇಲೇ ವಿಡಿಯೋ ಮಾಡ್ತಾರೆ" ಎಂದು ತೆಲುಗಿನಲ್ಲಿ ಹೇಳಿದರು. ಸರಿಯೇ ಅಲ್ಲವೆ?

ಕುಳ್ಳಾಯಪ್ಪನವರ ಹತ್ತಿರ ಕಾಗದವೂ ಇತ್ತು. ಒಂದು ಕಾಲೇಜಿನವರು ಹಳೆಯ ಸ್ಟೋರ್ ರೂಮಿನ ಸಾಮಾನನ್ನು ಹರಾಜು ಹಾಕಿದ್ದರು. ಇವರು ಅದನ್ನು ಕೊಂಡಿದ್ದರು. ರಸೀದಿಯಲ್ಲಿ "ಮುರಿದ ಬೆಂಚು, ಟ್ರಂಕು, ಇತರೆ" ಎಂದು ಬರೆದಿತ್ತು. ಆ "ಇತರೆ" ಏನು ಎಂದು ಹೇಳುವವರು ಬೇಕಿತ್ತು. ನಡುವೆ ಭಾನುವಾರ ಬಿದ್ದು ಕಾಲೇಜಿಗೆ ಬೀಗ. ಅಷ್ಟು ಹೊತ್ತು ಇವರು ಇಲ್ಲಿ.

ನಾನು ಕೊಳವೆಗಳನ್ನು ಮೇಜಿನ ಮೇಲಿಟ್ಟೆ. ಫೋಟೊ ತೆಗೆದವಳು ನಾನೇ, ಹಾಕಿದವಳೂ ನಾನೇ ಎಂದು ಹೇಳಿದೆ. ಸುಬೇದಾರರು ಬಾಯಿ, ಗುಳಿ, ಗೀರು ತೋರಿಸಿ ಎಲ್ಲವನ್ನೂ ಮತ್ತೆ ವಿವರಿಸಿದರು. ಎಸ್‌ಐ ತಲೆಯಾಡಿಸುತ್ತ ಕೇಳಿದರು. ಪಕ್ಕದ ರೈಟರ್ ಬರೆದುಕೊಂಡರು.

ಆಗ ಮೂಲೆಯ ಬೆಂಚಿನಿಂದ ಕುಳ್ಳಾಯಪ್ಪ ಮೆಲ್ಲಗೆ ಅಂದರು:

"ನಾನೂ ಅದನ್ನೇ ಹೇಳ್ದೆ ಸಾರ್. ಉತ್ತುತ್ತಿವಿ, ಬರೀ ಸುಳ್ಳುಪಳ್ಳವು, ಗುಂಡಿಲ್ಲದವು ಅಂತ. ಕಾಲೇಜಿನ ಅಟೆಂಡ್ರು ಸಾಮಾನು ಎತ್ತೋವಾಗ್ಲೇ ಹೇಳಿದ್ರು. ಬಂದೂಕು ಕಲಿಯೋ ಪೆರೇಡ್ ಹುಡುಗ್ರು ಸದ್ದಿಗೆ ಹೊಡೆದಿದ್ದವಂತೆ. ಗೀರಿರಾದು ಬರೀ ಕಲಿಯಾಕಂತೆ."

ನಾನು ಬೆಂಚಿನ ಕಡೆ ತಿರುಗಿದೆ.

ಇವರಿಗೆ ಗೊತ್ತಿತ್ತು. ಸುಬೇದಾರರು ಹೇಳಿದಷ್ಟೂ ಇವರಿಗೆ ಮೊದಲೇ ಗೊತ್ತಿತ್ತು. ಎರಡು ದಿನದಿಂದ ಅದನ್ನೇ ಹೇಳುತ್ತಿದ್ದರು. ಮಾಸಿದ ಟವೆಲ್ ಹೊದ್ದವರು ಹೇಳಿದಾಗ ಅದು ನೆಪ. ಇಸ್ತ್ರಿ ಶರ್ಟಿನವರು ಹೇಳಿದಾಗ ಅದು ಮಾಹಿತಿ. ಪೊಲೀಸರನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಆ ಟ್ರಂಕಿನ ಮುಂದೆ ಕೂತಿದ್ದಾಗ ಆ ಮನುಷ್ಯ ನನ್ನಿಂದ ಒಂದು ಮೊಳ ದೂರದಲ್ಲಿದ್ದರು. ನಾನು ನಾಲ್ಕು ಊರಿನವರನ್ನು ಕೇಳಿದೆ. ಅವರೊಬ್ಬರನ್ನು ಬಿಟ್ಟು. ಗುಜರಿಯವನಿಗೆ ಏನು ಗೊತ್ತಿರುತ್ತದೆ ಎಂದು ನಾನು ಬಾಯಿಬಿಟ್ಟು ಅನ್ನಬೇಕಾಗಿಯೂ ಇರಲಿಲ್ಲ. ಅಷ್ಟು ಸಹಜವಾಗಿ ಅಂದುಕೊಂಡಿದ್ದೆ.

ಸಹಿ, ಹೇಳಿಕೆ, ಕಾಲೇಜಿಗೆ ಒಂದು ಫೋನು. ಸಂಜೆಗೆ ಮುಂಚೆ ಬಿಟ್ಟರು. ಎಸ್‌ಐ ಅವರೇ "ವೆಳ್ಳು ತಾತಾ, ಏಮೀ ಲೇದು" ಎಂದು ಕಳಿಸಿಕೊಟ್ಟರು. ಹೋಗು ತಾತ, ಏನೂ ಇಲ್ಲ. ಅವರ ಪಾಲಿಗೆ ಏನೂ ಇರಲಿಲ್ಲ, ನಿಜ.

ಹೊರಗೆ ಬಂದಾಗ ಮಾರೆಕ್ಕ ಕ್ಯಾರಿಯರ್ ಬಿಚ್ಚಿ ಗಂಡನ ಮುಂದೆ ಮುದ್ದೆ ಇಟ್ಟರು. ಅವರು ಅಲ್ಲೇ ಮರದ ಕೆಳಗೆ ಕೂತು ತಿಂದರು. ನಾನು "ತಪ್ಪಾಯ್ತು ಮಾರೆಕ್ಕ" ಎಂದೆ. ಅವರು ನನ್ನ ಕಡೆ ತಿರುಗದೆ ಕೇಳಿದರು:

"ಊರೋರ್ನೆಲ್ಲ ಕೇಳಾಕ್ ಮುಂಚೆ ನಮ್ಮನ್ನ ಒಂದ್ಮಾತು ಕೇಳಿದ್ರೆ ನಿನ್ ಗಂಟು ಏನೋಗ್ತಿತ್ತಮ್ಮ?"

ಸುಬೇದಾರರು ರಸ್ತೆ ನೋಡಿದರು.

ಆಮೇಲೆ ನಾನು ಸರಿಮಾಡಲು ಹೊರಟೆ. ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ: ಇವು ತರಬೇತಿಯ ಖಾಲಿ ತೂಟಗಳು, ಆ ವ್ಯಕ್ತಿಯದೇನೂ ತಪ್ಪಿಲ್ಲ, ದಯವಿಟ್ಟು ಇದನ್ನೂ ಎಲ್ಲರಿಗೂ ಕಳಿಸಿ. ನಾಲ್ಕು ಹೆಬ್ಬೆಟ್ಟು ಬಂದವು. ಒಬ್ಬರು ಕೈಮುಗಿದರು. ಕಳಿಸಿದವರು ಯಾರೂ ಇಲ್ಲ. ಅದರ ಕೆಳಗೆ, ಅತ್ತರಿನ ಬಾಟಲಿ ಎಂದಿದ್ದವರು ಒಂದು ಹಳೆಯ ಗಡಿಯಾರದ ಫೋಟೊ ಹಾಕಿದರು. ಎಲ್ಲರೂ ಗಡಿಯಾರಕ್ಕೆ ಹೋದರು.

ಪೆನುಕೊಂಡದ ಸೈಟ್ ವ್ಯಾಪಾರದವರಿಗೆ ಫೋನ್ ಮಾಡಿದೆ. "ನಾನೇನೂ ಸೇರಿಸಿಲ್ಲ ಮೇಡಂ, ಬಂದಿದ್ದನ್ನ ಬಂದಂಗೇ ಕಳಿಸ್ದೆ. ಜನಕ್ಕೆ ಅವೇರ್‌ನೆಸ್ ಇರ್ಲಿ ಅಂತ."

ಯೂಟ್ಯೂಬಿನವರ ನಂಬರ್ ಹುಡುಕಿ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. "ನಾವು ಬುಲ್ಲೆಟ್ ಅಂತ ಹೇಳೇ ಇಲ್ಲ ಮೇಡಂ. ಕೊನೇಲಿ ಕ್ವೆಶ್ಚನ್ ಮಾರ್ಕ್ ಹಾಕಿದೀವಿ, ನೋಡಿ."

ನೋಡಿದೆ. ಇತ್ತು. ನಾನು ಹಾಕಿದ್ದಂಥದ್ದೇ.

ವಿಡಿಯೋ ತೆಗೆಯಲು ಆಗುವುದಿಲ್ಲವಂತೆ. ಬೇಕಿದ್ದರೆ ನನ್ನದೊಂದು ಬೈಟ್ ಹಾಕುತ್ತಾರಂತೆ. ಅಜ್ಜನೂ ಜೊತೆಗೆ ಬಂದರೆ ಇನ್ನೂ ಚೆನ್ನಾಗಿರುತ್ತದಂತೆ.

ಎರಡು ವಾರ ಬಿಟ್ಟು ಕಲ್ಯಾಣದುರ್ಗಕ್ಕೆ ಹೋದೆ. ತಗಡಿನ ಶೆಡ್ಡಿಗೆ ಬೇರೆ ಬೀಗ. ಪಕ್ಕದ ಟೀ ಅಂಗಡಿಯಾಕೆ ಹೇಳಿದರು: ಜಾಗದ ಮಾಲೀಕರು ಖಾಲಿ ಮಾಡಿಸಿದರು. "ಅವ್ರೂ ಒಳ್ಳೇರೇ ಕಣಮ್ಮ. ಸುಮ್ನೆ ಯಾಕೆ ರಗಳೆ ಅಂತ. ತಾತ ಬೀದೀಲಿ ಹೋದ್ರೆ ಜನ 'ಬುಲ್ಲೆಟ್ ತಾತಾ, ಒಂದು ಡಜನ್ ಕೊಡು' ಅಂತ ನಗ್ತಿದ್ರು. ನನ್ನ ಹತ್ರಾನೇ ಟೀ ಕುಡಿಯಾಕೆ ಬತ್ತಿರಲಿಲ್ಲ. ಊರಿಗೋಗ್ಬುಟ್ರು."

ಬ್ರಹ್ಮಸಮುದ್ರದ ಬಸ್ಸು ಹತ್ತಿದೆ. ಕೇಳಿಕೊಂಡು ಹೋದರೆ ಊರಾಚೆ ಒಬ್ಬರ ಹೊಲದಲ್ಲಿ ಸಿಕ್ಕರು. ಕೆಟ್ಟ ಬೋರಿನಿಂದ ಎತ್ತಿದ ಪೈಪುಗಳ ತುಕ್ಕು ಉಜ್ಜುತ್ತಿದ್ದರು. ದಿನಗೂಲಿ. ಮಾರೆಕ್ಕ ಕಡಲೆಕಾಯಿ ಬಿಡಿಸಲು ಹೋಗಿದ್ದರಂತೆ. ಕೇಳಿ ಸ್ವಲ್ಪ ನಿರಾಳವಾಯಿತು. ಅವರ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ.

ಕುಳ್ಳಾಯಪ್ಪ ಕೆಲಸ ನಿಲ್ಲಿಸಲಿಲ್ಲ. ಸಿಟ್ಟು ಮಾಡಲಿಲ್ಲ. ಬಿಸಿಲಿಗೆ ನಿಲ್ಲಬ್ಯಾಡ, ಹೊಂಗೆ ಮರದ ಕೆಳಗೆ ಕೂತ್ಕ ಎಂದರು.

"ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿದ್ನಮ್ಮ. ಕದ್ದ ಸಾಮಾನು ಒಂದೇ ಒಂದು ಕೊಂಡಿಲ್ಲ. ಯಾರಾರ ತಂದ್ರೆ ಮಕ ನೋಡೇ ಹೇಳ್ತಿದ್ದೆ, ಇದು ನಿಂದಲ್ಲ, ತಗಂಡೋಗು ಅಂತ." ಪೈಪನ್ನು ಉರುಳಿಸಿದರು. "ಈಗ ನನ್ ಮಕ ನೋಡಿ ಜನ ಹೇಳ್ತವ್ರೆ."

ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ನಾನು ಪೇಪರಿಗೆ ಬರೆಯುವವಳು, ನಡೆದಿದ್ದನ್ನೆಲ್ಲ ಬರೆಯುತ್ತೇನೆ, ಓದಿದವರು ತಿಳಿದುಕೊಳ್ಳುತ್ತಾರೆ, ನಿಮ್ಮ ಹೆಸರಿಗೆ ಅಂಟಿದ್ದು ಹೋಗುತ್ತದೆ ಎಂದೆ. ಹೇಳುವಾಗ ನನಗೇ ನಂಬಿಕೆ ಬಂದಿತ್ತು. ಒಂದು ಫೋಟೊ ಬೇಕಿತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. (ಹೌದು, ಆಗಲೂ ಬಂತು.)

ಅವರು ಮೊದಲ ಸಲ ಕೈ ಕೆಲಸ ಬಿಟ್ಟರು. ಕೈ ಮುಗಿಯಲು.

"ಬರಿಯಮ್ಮ, ಬ್ಯಾಡ ಅನ್ನಲ್ಲ. ಆದ್ರೆ ನಿನ್ ದಮ್ಮಯ್ಯ, ನನ್ ಹೆಸರಾಕ್ಬ್ಯಾಡ. ಜನ ಹೆಸ್ರೊಂದು ಓದ್ತಾರೆ, ಬುಲ್ಲೆಟ್ಟು ಅಂತೊಂದು ಓದ್ತಾರೆ. ನಡುವೆ ಇರಾದು ಯಾರೂ ಓದಲ್ಲ."

ಆದ್ದರಿಂದ ಕುಳ್ಳಾಯಪ್ಪ ಎಂಬುದು ನಾನಿಟ್ಟ ಹೆಸರು. ಮಾರೆಕ್ಕ ಎಂಬುದೂ ಅಷ್ಟೇ. ಶೆಡ್ಡು ಇದ್ದ ಜಾಗವನ್ನೂ ಅವರ ಊರನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಇಷ್ಟು ಮುಚ್ಚಿಟ್ಟ ಮೇಲೆ, "ಇವರು ನಿರಪರಾಧಿ" ಎಂದು ನಾನಿಲ್ಲಿ ಸಾರಿದ್ದು ಯಾರ ಬಗ್ಗೆ?